ಯಂತ್ರದ ಮಾಣಿಯೂ ಜಗಳೂರಿನ ಯಜಮಾನರೂ

ನ್ಯಾಮತಿ, ಹೊನ್ನಾಳಿ ಕಡೆಯವರಿಗೆ ಶಿವಮೊಗ್ಗ ದೂರದ ಊರೇನಲ್ಲ. ಆಸ್ಪತ್ರೆಗೆ, ಅಡಿಕೆ ಮಂಡಿಗೆ ಎಂದು ಬೆಳಗಿನ ಬಸ್ಸು ಹತ್ತಿದವರು ತಿಂಡಿ ತಿನ್ನುವುದೇ ಅಲ್ಲಿ. ಆ ಶಿವಮೊಗ್ಗದ ಉಪಹಾರ ದರ್ಶಿನಿಯಲ್ಲಿ 2019ರಲ್ಲಿ ಯಂತ್ರದ ಹೆಣ್ಣುಗೊಂಬೆ ತಿಂಡಿ ಹೊತ್ತು ಬಂದದ್ದು ದೊಡ್ಡ ಸುದ್ದಿಯಾಗಿತ್ತು. ಅದೇ ವರ್ಷ ಬೆಂಗಳೂರಿನ ಇಂದಿರಾನಗರದಲ್ಲಿ ರೋಬೋಗಳೇ ಬಡಿಸುವ ಹೋಟೆಲೂ ತೆರೆಯಿತು.

ಇಂಥ ಗೊಂಬೆಗಳು ಹಲವು ಕಡೆ ನೆಲಕ್ಕಂಟಿಸಿದ ಕಾಂತದ ಪಟ್ಟಿಯ ಮೇಲೆ ಓಡಾಡುತ್ತವೆ. ಅಡ್ಡ ಬಂದರೆ ನಿಂತು 'ದಾರಿ ಬಿಡಿ' ಎನ್ನುತ್ತವೆ. ತಟ್ಟೆ ಮಾತ್ರ ನಾವೇ ಎತ್ತಿಕೊಳ್ಳಬೇಕು. ಕೈ ನಡುಗುವ ಅಜ್ಜಿ ಬಿಸಿ ಸಾಂಬಾರಿನ ಬಟ್ಟಲು ಎತ್ತುವುದು ಹೇಗೆ ಸ್ವಾಮಿ?

ಹಿರಿಯರು ಯಂತ್ರ ಕಂಡರೆ ಹೆದರುತ್ತಾರೆ ಎಂಬುದು ಪೇಟೆಯವರ ಭ್ರಮೆ. ಪಂಪ್‌ಸೆಟ್ಟು, ಟ್ರ್ಯಾಕ್ಟರು, ಅಡಿಕೆ ಸುಲಿಯುವ ಮೆಶಿನ್ನು ಎಲ್ಲ ಪಳಗಿಸಿದವರು ಅವರು. ಗೊಂಬೆ ಕಂಡರೆ ನಕ್ಕು ಮಾತಾಡಿಸಿಯಾರು. ತೊಡಕಿರುವುದು ಉತ್ತರದಲ್ಲಿ. 'ಇಡ್ಲಿ ಮೆತ್ತಗಿದೆಯೇನಪ್ಪಾ? ಕಾಫಿಗೆ ಸಕ್ಕರೆ ಬ್ಯಾಡ, ಶುಗರ್ ಐತೆ' ಎಂದರೆ ಕೇಳುವ ಕಿವಿ ಬೇಕಲ್ಲ!

ನಮ್ಮ ತಾಲ್ಲೂಕುಗಳಿಗೆ ಗೊಂಬೆ ಬರುವುದು ಯಾವಾಗಲೋ, ಅದರ ತಮ್ಮ ಆಗಲೇ ಬಂದು ಕೂತಿದ್ದಾನೆ. ಕಳೆದ ತಿಂಗಳು ದಾವಣಗೆರೆಯ ಹೋಟೆಲೊಂದರಲ್ಲಿ ನನ್ನೆದುರು ಜಗಳೂರಿನ ಯಜಮಾನರೊಬ್ಬರು ಕೂತಿದ್ದರು. ಮೆನು ಕೇಳಿದರೆ, ಮೇಜಿನ ಮೇಲಿನ ಕಪ್ಪು ಚುಕ್ಕಿಯ ಚೌಕ ತೋರಿಸಿ 'ಸ್ಕ್ಯಾನ್ ಮಾಡಿ' ಎಂದ ಹುಡುಗ ಮಾಯ. ಅವರದು ಬಟನ್ ಫೋನು. 'ಹಸಿವು ನಂದು, ಫೋನಿಗ್ಯಾಕೆ ಹೇಳ್ಲಿ?' ಎಂದರು. ನನ್ನ ಫೋನಿನಲ್ಲಿ ತರಿಸುತ್ತೇನೆಂದೆ. ಬೇಡ ಎಂದು ಟವೆಲ್ ಕೊಡವಿ ಎದ್ದು ಹೋದರು. ನನ್ನ ದೋಸೆ ರುಚಿಸಲಿಲ್ಲ.

ಹುಡುಗರು ಸಿಗುವುದಿಲ್ಲ ಎನ್ನುತ್ತಾರೆ ಮಾಲೀಕರು. ನಿಜ. ಸಂಬಳ ಎಷ್ಟು ಕೊಡ್ತೀರಿ ಎಂದರೆ ಫ್ಯಾನು ನೋಡುತ್ತಾರೆ!

ಜಪಾನಿನ ನಾಗಸಾಕಿಯಲ್ಲಿ 2015ರಲ್ಲಿ ಶುರುವಾದ 'ಹೆನ್ ನಾ' ಹೋಟೆಲಿನ ಕಥೆ ಕೇಳಿ. ಕೋಣೆಯ ಗೊಂಬೆ ಗಿರಾಕಿಯ ಗೊರಕೆಯನ್ನೇ ಮಾತೆಂದು ತಿಳಿದು, ನಡುರಾತ್ರಿ ಎಬ್ಬಿಸಿ 'ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ' ಎನ್ನುತ್ತಿತ್ತಂತೆ. 2019ರ ಹೊತ್ತಿಗೆ 243 ಯಂತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೆಲಸದಿಂದ ತೆಗೆದರು. ದುಡ್ಡಿದ್ದ ಜಪಾನೇ ಹೀಗೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹೋಟೆಲ್ ಮಾಲೀಕರೇ, ಗೊಂಬೆ ತರುವುದಾದರೆ ತನ್ನಿ, ಮಕ್ಕಳು ಖುಷಿಪಡಲಿ. ಆದರೆ ಗೋಡೆ ಮೇಲೆ ದಪ್ಪ ಅಕ್ಷರದ ಕನ್ನಡ ದರಪಟ್ಟಿ ಇರಲಿ, ಗಲ್ಲಾದಲ್ಲಿ ನೋಟಿಗೆ ಚಿಲ್ಲರೆ ಇರಲಿ. 'ಏನು ಬೇಕು ಯಜಮಾನ್ರೇ' ಎಂದು ಕೇಳಲು ಒಬ್ಬ ಮನುಷ್ಯನನ್ನಾದರೂ ಉಳಿಸಿಕೊಳ್ಳಿ, ಅವನಿಗೆ ಸರಿಯಾದ ಸಂಬಳ ಕೊಟ್ಟು.