ಗಾಜಿನ ತೊಟ್ಟಿಯ ಉಬ್ಬುಮೀನು

ಚಿಂತಾಮಣಿಯಲ್ಲಾಗಲಿ ಶಿಡ್ಲಘಟ್ಟದಲ್ಲಾಗಲಿ ಕುಬ್ಜ ಉಬ್ಬುಮೀನು ಕಣ್ಣಿಗೆ ಬಿದ್ದರೆ ಅದು ಗಾಜಿನ ತೊಟ್ಟಿಯಲ್ಲಿಯೇ ಸರಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಿನಾಕಿನಿ, ಪಾಲಾರ್ ನದಿಗಳು ಬಂಗಾಳಕೊಲ್ಲಿಯತ್ತ ಸಾಗುತ್ತವೆ. ಈ ಮೀನಿನ ತವರಾದರೋ ಪಶ್ಚಿಮಘಟ್ಟಗಳಿಂದ ಪಡುಗಡಲಿಗೆ ಇಳಿಯುವ ಕೇರಳದ ಮತ್ತು ದಕ್ಷಿಣ ಕರ್ನಾಟಕದ ಸಿಹಿನೀರಿನ ಹೊಳೆಗಳು. 1941ರಲ್ಲಿ ಹೋರಾ ಮತ್ತು ನಾಯರ್ ಎಂಬ ವಿಜ್ಞಾನಿಗಳು ಇದಕ್ಕೆ ತಿರುವಾಂಕೂರಿನ ಹೆಸರನ್ನಿಟ್ಟರು. ಒಂದೂವರೆ ಅಂಗುಲವನ್ನೂ ಮುಟ್ಟದ ಈ ಜೀವಿ ಬೆದರಿದಾಗ ನೀರು ನುಂಗಿ ಚೆಂಡಿನಂತೆ ಉಬ್ಬುತ್ತದೆ. ಗಿಣಿಯ ಕೊಕ್ಕಿನಂತೆ ಬೆಸೆದುಕೊಂಡ ನಾಲ್ಕು ಹಲ್ಲುಗಳಿಂದ ಸಣ್ಣ ಬಸವನಹುಳುಗಳನ್ನು ಹಿಡಿದು ತಿನ್ನುತ್ತದೆ. ಅಂದಕ್ಕಾಗಿ ಇದನ್ನು ಹೊಳೆಗಳಿಂದಲೇ ಬಲೆಹಾಕಿ ಹಿಡಿದು ದೇಶವಿದೇಶಗಳಿಗೆ ಮಾರಿದ್ದುಂಟು. ಅದು ಸರಿಯಲ್ಲ, ಸಾಕಲೇಬೇಕೆನ್ನುವವರು ತೊಟ್ಟಿಯಲ್ಲಿಯೇ ಮರಿಯಾದುದನ್ನು ಕೇಳಿ ಕೊಳ್ಳಬೇಕು. ಬೇಸರವಾದೊಡನೆ ಗೌರಿಬಿದನೂರಿನದೋ ಚಿಕ್ಕಬಳ್ಳಾಪುರದ್ದೋ ಕೆರೆಗೆ ಬಿಡುವುದೂ ದಯೆಯಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಅದು ಮರಳಿ ಸೇರಲು ತನ್ನ ಹೊಳೆ ಅಲ್ಲೆಲ್ಲಿದೆ?