ಯಾವ ಫ್ಯೂಸ್ ಮೊದಲು ಹೋಗಬೇಕು?

ನಾಳೆ ಪರೀಕ್ಷೆ. ಯಾರದೋ ಮನೆಯ ಇಸ್ತ್ರಿಪೆಟ್ಟಿಗೆ ಕೆಟ್ಟರೆ ಇಡೀ ಬೀದಿಗೆ ಏಕೆ ಕತ್ತಲೆ?

ವಿದ್ಯುತ್ತು ಬರುವ ದಾರಿಯಲ್ಲಿ ಕಾವಲುಗಾರರು ಹಲವರು: ಟ್ರಾನ್ಸ್‌ಫಾರ್ಮರಿನ ಫ್ಯೂಸ್, ಮೀಟರಿನ ಬಳಿಯ ಮುಖ್ಯ ಫ್ಯೂಸ್, ಕೋಣೆಯ ಫ್ಯೂಸ್. ದೋಷಕ್ಕೆ ಹತ್ತಿರವಿರುವುದು ಮೊದಲು ಕಡಿಯಬೇಕು, ಮೇಲಿನದು ಕಾಯಬೇಕು. ಹರಿಯುವ ಪ್ರವಾಹ ಒಂದೇ ಆದರೂ ತೆಳು ತಂತಿಯ ರೋಧ ಹೆಚ್ಚು, ಶಾಖವೂ ಹೆಚ್ಚು. ಆದ್ದರಿಂದಲೇ ಅದು ಮೊದಲು ಕರಗುತ್ತದೆ.

ಈ ಸರದಿಯನ್ನು ಕೆಡಿಸುವುದು ಬಹಳ ಸುಲಭ. 5 ಆಂಪಿಯರಿನ ಫ್ಯೂಸ್ ತಂತಿಯ ದಪ್ಪ ಸುಮಾರು 0.2 ಮಿ.ಮೀ. ಪದೇ ಪದೇ ಹೋಗುತ್ತದೆಂದು ಅಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದರೆ ಗೋಡೆಯೊಳಗಿನ ವೈರೇ ಫ್ಯೂಸ್ ಆಗಿಬಿಡುತ್ತದೆ! ಇಲ್ಲವೇ ಕಡಿಯುವ ಹೊಣೆ ಕಂಬದ ಮೇಲಿನ ಫ್ಯೂಸಿಗೆ ಬೀಳುತ್ತದೆ. ಗುಬ್ಬಿ, ಕುಣಿಗಲ್ ಕಡೆಯ ತೋಟಗಳ ನಡುವೆ 25 ಕೆ.ವಿ.ಎ. ಟ್ರಾನ್ಸ್‌ಫಾರ್ಮರ್ ಇದ್ದರೆ, ಒಂದೊಂದು ಫೇಸಿಗೆ ಅದು ಕೊಡಬಲ್ಲದ್ದು ಸುಮಾರು 33 ಆಂಪಿಯರ್ ಮಾತ್ರ. ಅಲ್ಲಿ ಫ್ಯೂಸ್ ಹೋದರೆ ತಪ್ಪು ಮಾಡದವರ ಪಂಪ್‌ಸೆಟ್ಟುಗಳೂ ನಿಲ್ಲುತ್ತವೆ.

ತುಮಕೂರಿನ ಹೊಸ ಮನೆಗಳಲ್ಲಿ ಎಂ.ಸಿ.ಬಿ. ಇದೆಯಲ್ಲ ಎನ್ನುವಿರಿ. ಇದೆ, ಆದರೆ ಅಲ್ಲೂ ಸರದಿ ಬೇಕು. ಅದರ ಮೇಲಿನ ಬರಹ ಓದಿ (ಮುಟ್ಟಬೇಡಿ). ‘ಬಿ 6’ ಎಂದರೆ 6 ಆಂಪಿಯರಿನ 3ರಿಂದ 5 ಪಟ್ಟಿಗೆ, ‘ಸಿ 32’ ಎಂದರೆ 32ರ 5ರಿಂದ 10 ಪಟ್ಟಿಗೆ ಒಳಗಿನ ವಿದ್ಯುತ್ಕಾಂತ ತಟ್ಟನೆ ಎಳೆಯುತ್ತದೆ. 100 ಆಂಪಿಯರ್ ಹರಿದರೆ ಕೋಣೆಯ ‘ಬಿ 6’ ಮಾತ್ರ ಬೀಳುತ್ತದೆ. ಶಾರ್ಟ್ ಸರ್ಕ್ಯೂಟಾಗಿ 400 ಹರಿದರೆ? ವಿದ್ಯಾರ್ಥಿಗಳೇ, ನೀವೇ ಲೆಕ್ಕ ಹಾಕಿ. ಎರಡೂ ಒಟ್ಟಿಗೇ ಬೀಳಬಹುದು. ಹಾಗಾದಾಗ ಎಂ.ಸಿ.ಬಿ. ಕೆಟ್ಟಿದೆಯೆಂದು ಇನ್ನೂ ದೊಡ್ಡದನ್ನು ಹಾಕಿಸಲು ಹೊರಟ ಪೋಷಕರನ್ನು ತಡೆಯುವ ಕೆಲಸ ನಿಮ್ಮದು.