ನಿಯಮ ಇರಲಿ, ಆದ್ರೆ ಹಬ್ಬದ ದಿನ ಬಾಗಿಲಲ್ಲಿ ಜಗಳ ಬೇಡ

ಮಡಿಕೇರಿ: ಕೊಡಗಿನಲ್ಲಿ ಹಬ್ಬ ಅಂದ್ರೆ ಊರಿಗೆ ಊರೇ ಸೇರುತ್ತೆ. ಅಲ್ಲಿ ಒಬ್ಬರಿಗೆ ಅವಮಾನ ಆದ್ರೂ ಸಂಜೆಯೊಳಗೆ ಅದು ಜಿಲ್ಲೆಯ ವಿಷಯ. 2024ರ ಡಿಸೆಂಬರ್‌ನಲ್ಲಿ ಕಟ್ಟೆಮಾಡು ಮೃತ್ಯುಂಜಯ ದೇವಾಲಯದ ಉತ್ಸವದಲ್ಲಿ ಆಗಿದ್ದೂ ಅದೇ. ಕುಪ್ಯಚೇಲೆ ತೊಟ್ಟು ಬಂದವರಿಗೆ ವಸ್ತ್ರನಿಯಮದ ಹೆಸರಲ್ಲಿ ಆಕ್ಷೇಪ ಎದುರಾಯ್ತು. ಮಾತಿಗೆ ಮಾತು ಬೆಳೆದು, ಕೊನೆಗೆ ನಿಷೇಧಾಜ್ಞೆ ಜಾರಿಯಾಯ್ತು.

ಒಂದು ಕಡೆಯವರು ಬೈಲಾ ಮುಂದಿಟ್ಟರು, ಇನ್ನೊಂದು ಕಡೆಯವರು ಪರಂಪರೆಯ ಉಡುಪಿನ ಹಕ್ಕು ಕೇಳಿದರು. ಯಾರ ವಾದ ಸರಿ ಅನ್ನೋದು ಹಾಗಿರಲಿ. ನಿಯಮದ ಚರ್ಚೆ ಉತ್ಸವದ ದಿನ, ಗುಂಪಿನ ನಡುವೆ ನಡೆದರೆ ಯಾರೂ ಹಿಂದೆ ಸರಿಯಲ್ಲ. ಬಟ್ಟೆಯ ಪ್ರಶ್ನೆ ಸಮುದಾಯದ ಮರ್ಯಾದೆ ಪ್ರಶ್ನೆ ಆಗಿಬಿಡುತ್ತೆ.

1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಕೊಡವ ಹಾಕಿ ನಮ್ಮೆ ನೋಡಿ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಸೇರಿದ್ದವು. ವರ್ಷಕ್ಕೊಂದು ಒಕ್ಕ ಹೊಣೆ ಹೊರುತ್ತೆ, ಮೈದಾನದಲ್ಲಿ ಅಂಪೈರ್ ಇರ್ತಾರೆ. ತಕರಾರು ಬಂದ್ರೆ ಯಾರ ಹತ್ರ ಹೋಗ್ಬೇಕು ಅಂತ ಎಲ್ಲರಿಗೂ ಗೊತ್ತು. ಅದು ಒಂದೇ ಸಮುದಾಯದ ಕೂಟ, ನಿಜ. ಹಾಗಾಗಿಯೇ ಹಲವರು ಸೇರೋ ದೇವಸ್ಥಾನದ ಹಬ್ಬಕ್ಕೆ ಈ ಸಿದ್ಧತೆ ಇನ್ನೂ ಜಾಸ್ತಿ ಬೇಕು.

ಹಬ್ಬಕ್ಕೆ ತಿಂಗಳ ಮೊದಲೇ ಎಲ್ಲಾ ಸಮುದಾಯದ ಹಿರಿಯರನ್ನು, ಹೆಂಗಸರನ್ನೂ ಕೂರಿಸಿ ಮಾತಾಡಬೇಕು. ತೀರ್ಮಾನ ಆದದ್ದನ್ನು ಬೋರ್ಡಿಗೆ ಹಾಕಬೇಕು. ಬಾಗಿಲಲ್ಲಿ ತಡೆಯೋ ಯುವಕರ ಬದಲು, ತಾಳ್ಮೆಯಿಂದ ಮಾತಾಡೋ ಇಬ್ಬರು ಹಿರಿಯರು ನಿಲ್ಲಲಿ.

ಹಬ್ಬ ಮುಗಿದ ಮೇಲೂ ಅದೇ ಬಸ್ಸಲ್ಲಿ, ಅದೇ ಸಂತೆಯಲ್ಲಿ ಮುಖಕ್ಕೆ ಮುಖ ಕೊಟ್ಟು ಬದುಕಬೇಕಾದವರು ಇವರೇ ಅಲ್ವಾ?